ಕನ್ನಡದಲ್ಲೇ ಹೇಳಿ, ನಾನು ಕೇಳುತ್ತೇನೆ

ಮುಂಬೈಯ ಮಾಟುಂಗದಲ್ಲಿರುವ ನನ್ನ ಕ್ಲಿನಿಕ್ಕಿಗೆ ಮಂಗಳವಾರ, ಬುಧವಾರ ಬರುವ ಕೆಲವು ಗಂಡಸರಿದ್ದಾರೆ. ನಿದ್ದೆ ಇಲ್ಲ, ಅಳು ಬರುತ್ತೆ, ಆಫೀಸಿಗೆ ಹೋಗೋಕೆ ಮನಸ್ಸಿಲ್ಲ ಅನ್ನುತ್ತಾರೆ. ಶನಿವಾರ, ಭಾನುವಾರ ಏನಾಯಿತು ಅಂತ ಮಾತ್ರ ಹೇಳುವುದಿಲ್ಲ.

ಹೀಗೆ ಬಂದವರಲ್ಲಿ ಒಬ್ಬನಿಗೆ ಮೂವತ್ತೊಂದು ವರ್ಷ. ಮನೆ ಡೊಂಬಿವಲಿ, ಅಪ್ಪನದು ಹೋಟೆಲ್ ಕೆಲಸ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಮ್ಮನ ಬಿಪಿ, ತಂಗಿ ಮದುವೆಯ ಸಾಲ, ಲೋಕಲ್ ಟ್ರೇನಿನ ರಶ್ಶು ಎಲ್ಲವನ್ನೂ ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಮುಂದಿನದೆಲ್ಲ ಹಿಂದಿಯಲ್ಲಿ ಬಂತು. ಶನಿವಾರ 'ಹೈ ಫನ್' ಇತ್ತು, ಎಂ.ಡಿ. ಅನ್ನೋ ನಶೆ ತಗೊಂಡೆ, ಎರಡು ರಾತ್ರಿ ಮಲಗಿಲ್ಲ. ಅಮ್ಮನ ಜೊತೆ ಆಡುವ ಭಾಷೆಯಲ್ಲಿ ಇದನ್ನು ಹೇಳಲು ಅವನಿಗೆ ಬಾಯೇ ಬರಲಿಲ್ಲ. ಅದಕ್ಕೇ ಈ ಅಂಕಣ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಗಂಡಸರ ಜೊತೆ ಸಂಬಂಧ ಇರುವ ಗಂಡಸರಲ್ಲಿ ಕೆಲವರು ಸೆಕ್ಸ್‌ಗಾಗಿಯೇ ನಶೆ ಮಾಡುತ್ತಾರೆ. ಇದಕ್ಕೆ ಕೆಮ್‌ಸೆಕ್ಸ್ ಅನ್ನುತ್ತಾರೆ. ಆ ಹೆಸರು ಲಂಡನ್ನಿನಿಂದ ಬಂದದ್ದು. ಮುಂಬೈಯ ಆ್ಯಪ್‌ಗಳಲ್ಲಿ ಹೈ ಫನ್ ಅಂದರೂ ಅದೇ. ಹೆಚ್ಚಾಗಿ ಮೂರು ವಸ್ತುಗಳ ಹೆಸರು ಕೇಳುತ್ತೇನೆ: ಎಂ.ಡಿ. ಅಂದರೆ ಮೆಫೆಡ್ರೋನ್, ಟೀನಾ ಅಂದರೆ ಕ್ರಿಸ್ಟಲ್ ಮೆಥ್, ಮತ್ತೆ ಜಿ ಅಂದರೆ ಜಿ.ಎಚ್.ಬಿ. ಅಥವಾ ಜಿ.ಬಿ.ಎಲ್. ಅನ್ನುವ ದ್ರವ. ಯಾಕೆ ತಗೊಳ್ತಾರೆ? ಸುಖಕ್ಕೆ ಅನ್ನುವುದು ನಿಜವೇ. ಆದರೆ ನನ್ನೆದುರು ಕೂತವರು ಇನ್ನೊಂದನ್ನೂ ಹೇಳುತ್ತಾರೆ: ಚಿಕ್ಕಂದಿನಿಂದ ಮೈಗಂಟಿದ ನಾಚಿಕೆ, ಹೆದರಿಕೆ ಕೆಲವು ಗಂಟೆ ಕಾಣೆಯಾಗುತ್ತದಂತೆ. ಹಾಗಿರುವಾಗ 'ಬಿಟ್ಟುಬಿಡು' ಅನ್ನುವುದು ಸುಲಭ, ಬಿಡುವುದು ಸುಲಭವಲ್ಲ. ನಾನು ಮೊದಲ ದಿನ ಬಿಡು ಅನ್ನುವುದಿಲ್ಲ. ಏನು ತಗೊಂಡಿರಿ, ಯಾವುದರ ಜೊತೆ ತಗೊಂಡಿರಿ, ಊಟ ಮಾಡಿದ್ದೀರಾ ಅಂತ ಕೇಳುತ್ತೇನೆ. ಮೊದಲು ಜೀವ ಉಳಿಯಬೇಕು, ಅಲ್ವಾ?

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಜಿ. ನೋಡಲು ನೀರಿನ ಹಾಗೆ. ಖುಷಿ ಕೊಡುವ ಪ್ರಮಾಣಕ್ಕೂ ಪ್ರಜ್ಞೆ ತಪ್ಪಿಸುವ ಪ್ರಮಾಣಕ್ಕೂ ಕೂದಲೆಳೆಯಷ್ಟು ಅಂತರ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು, ಆದ್ದರಿಂದ ಜಿ ಮತ್ತು ಕುಡಿತ ಒಟ್ಟಿಗೆ ಬೇಡವೇ ಬೇಡ, ನಿದ್ದೆ ಮಾತ್ರೆಯೂ ಬೇಡ. ಯಾರಾದರೂ ಕರೆದರೂ ಅಲುಗಾಡಿಸಿದರೂ ಏಳುತ್ತಿಲ್ಲ ಅಂದರೆ 'ಮಲಗಲಿ, ಬೆಳಿಗ್ಗೆ ಸರಿಹೋಗ್ತಾನೆ' ಅಂದುಕೊಳ್ಳಬೇಡಿ. ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಒಬ್ಬರು ಪಕ್ಕದಲ್ಲೇ ಕೂತು ಉಸಿರು ನೋಡುತ್ತಿರಿ. ಏನು ತಗೊಂಡಿದ್ದಾನೆ ಅಂತ ಡಾಕ್ಟರಿಗೆ ಹೇಳಿ. ದಯವಿಟ್ಟು ಹೇಳಿ. ಹೆದರಿಕೊಂಡು ಬಾಗಿಲು ಹಾಕಿಕೊಂಡು ಹೋದವರಿದ್ದಾರೆ, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎಂ.ಡಿ., ಟೀನಾ ಬೇರೆ ತರಹ. ಅವು ಎಬ್ಬಿಸುತ್ತವೆ. ಹಸಿವು, ಬಾಯಾರಿಕೆ, ನಿದ್ದೆ ಗೊತ್ತಾಗುವುದಿಲ್ಲ. ಎರಡು ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ ಯಾರೋ ಹಿಂಬಾಲಿಸುತ್ತಿದ್ದಾರೆ, ಗೋಡೆಯಾಚೆ ಮಾತಾಡಿಕೊಳ್ಳುತ್ತಿದ್ದಾರೆ ಅನ್ನಿಸಲು ಶುರುವಾಗಬಹುದು. ಹಾಗಾದರೆ ಅದೇ ದಿನ ಡಾಕ್ಟರ ಹತ್ತಿರ ಬನ್ನಿ. ಸಿರಿಂಜನ್ನಾಗಲಿ, ಮೂಗಿಗೆ ಎಳೆಯುವ ನಳಿಗೆಯನ್ನಾಗಲಿ ಹಂಚಿಕೊಳ್ಳಬೇಡಿ, ಹೆಪಟೈಟಿಸ್ ಸಿ ಹರಡುವುದು ಹೀಗೇ. ಅದಕ್ಕೆ ಲಸಿಕೆ ಇಲ್ಲ, ಆದರೆ ಮಾತ್ರೆಗಳಿಂದ ಗುಣವಾಗುತ್ತದೆ, ಸರ್ಕಾರದ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತದೆ. ವಯಾಗ್ರ ತಗೊಂಡಾಗ ಪಾಪರ್ಸ್ ಅನ್ನುವ ನಶೆಯ ದ್ರಾವಣ ಮೂಸಬೇಡಿ, ಬಿಪಿ ಧಡಕ್ಕನೆ ಬೀಳುತ್ತದೆ. ಎಚ್.ಐ.ವಿ. ಮಾತ್ರೆಯಲ್ಲಿ ರಿಟೊನಾವಿರ್ ಅನ್ನುವ ಔಷಧ ಇದ್ದರೆ ನಶೆಯ ವಸ್ತು ಮೈಯಲ್ಲಿ ಇನ್ನೂ ಜಾಸ್ತಿ ಏರಬಹುದು, ಇದು ತುಂಬ ಜನರಿಗೆ ಗೊತ್ತೇ ಇಲ್ಲ. ಇನ್ನೊಂದು ಮಾತು: ಪ್ರಜ್ಞೆ ಇಲ್ಲದವನು ಒಪ್ಪಿಗೆ ಕೊಡಲಾರ. ನಿಮಗೆ ಹಾಗೆ ಆಗಿದ್ದರೆ ಅದು ನಿಮ್ಮ ತಪ್ಪಲ್ಲ.

ಕಾಂಡೋಮ್ ಇಲ್ಲದೆ ಆಗಿಹೋಯಿತೇ? ಎಚ್.ಐ.ವಿ. ತಗುಲದಂತೆ ತಡೆಯುವ ಪೆಪ್ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಮಾಡಿದಷ್ಟೂ ಒಳ್ಳೆಯದು. 28 ದಿನ ತಪ್ಪದೆ ತಗೋಬೇಕು. ಶನಿವಾರ ರಾತ್ರಿ ಆದದ್ದಕ್ಕೆ ಮಂಗಳವಾರ ಸಂಜೆ ನನ್ನ ಹತ್ತಿರ ಬಂದರೆ ಆ 72 ಗಂಟೆ ಮುಗಿಯುವ ಹೊತ್ತು. ಪದೇ ಪದೇ ಹೀಗಾಗುತ್ತಿದ್ದರೆ ಮುಂಚೆಯೇ ತಗೊಳ್ಳುವ ಪ್ರೆಪ್ ಬಗ್ಗೆ ಕೇಳಿ.

ಇನ್ನು ಆ ಮಂಗಳವಾರದ ದುಃಖ. ಮೆದುಳು ತನ್ನ ಖುಷಿಯ ದಾಸ್ತಾನನ್ನು ಒಂದೇ ರಾತ್ರಿ ಸುರಿದುಬಿಟ್ಟಿರುತ್ತದೆ, ಮತ್ತೆ ತುಂಬಿಕೊಳ್ಳಲು ಕೆಲವು ದಿನ ಬೇಕು. ಆ ದಿನಗಳಲ್ಲಿ 'ನಾನು ಬದುಕಿ ಏನು ಪ್ರಯೋಜನ' ಅನ್ನುವ ಯೋಚನೆ ಬರಬಹುದು. ಗಂಜಿಯಾದರೂ ಕುಡಿಯಿರಿ, ಮಲಗಿ, ಒಬ್ಬರೇ ಇರಬೇಡಿ. ಸಾಯುವ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

ಪೊಲೀಸರ ಭಯ ಎಲ್ಲರಿಗೂ ಇದೆ. ಮೆಫೆಡ್ರೋನ್ 2015ರಿಂದ ಮಾದಕ ವಸ್ತುಗಳ ಎನ್.ಡಿ.ಪಿ.ಎಸ್. ಕಾಯ್ದೆಯಡಿ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಕೇಸಿದ್ದರೂ ಸ್ವಂತ ಇಚ್ಛೆಯಿಂದ ಮಾನ್ಯತೆ ಇರುವ ಕಡೆ ಚಿಕಿತ್ಸೆ ತಗೊಳ್ಳುವ ವ್ಯಸನಿಗೆ ರಕ್ಷಣೆ ಇದೆ. ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧವಂತೂ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಪರಾಧವೇ ಅಲ್ಲ. ಡೊಂಬಿವಲಿಯ ಆ ಹುಡುಗನಿಗೆ ಮೊದಲು ಒಬ್ಬ ವೈದ್ಯರು 'ಮದುವೆಯಾಗು, ಎಲ್ಲ ಸರಿಹೋಗುತ್ತೆ' ಅಂದಿದ್ದರಂತೆ. ಗೇ ಆಗಿರುವುದು ಕಾಯಿಲೆ ಅಲ್ಲ, ಅದನ್ನು 'ಸರಿಪಡಿಸುತ್ತೇನೆ' ಅನ್ನುವವರ ಹತ್ತಿರ ಎರಡನೇ ಸಲ ಹೋಗಬೇಡಿ. ಮುಂಬೈಯಲ್ಲಿ 1994ರಿಂದ ಸಲಿಂಗಿ, ಟ್ರಾನ್ಸ್ ಜನರ ಸಂಸ್ಥೆ ಹಮ್‌ಸಫರ್ ಟ್ರಸ್ಟ್ ಇದೆ, ಅಲ್ಲಿ ನೀವು ಯಾರು ಅಂತ ವಿವರಿಸುತ್ತಾ ಕೂರಬೇಕಿಲ್ಲ. ಪುಣೆಯವರಿಗೆ ವ್ಯಸನದ ಚಿಕಿತ್ಸೆಗೆ ಮುಕ್ತಾಂಗಣ ಇದೆ. ಎಚ್.ಐ.ವಿ. ಪರೀಕ್ಷೆಯ ಮಾಹಿತಿಗೆ 1097, ಗೋವಾದಲ್ಲಿದ್ದರೂ ಅದೇ ನಂಬರು.

ಡೊಂಬಿವಲಿಯ ಹುಡುಗ ಈಗಲೂ ಬರುತ್ತಾನೆ. ನಾಲ್ಕು ತಿಂಗಳು ನಶೆಯ ಹತ್ತಿರ ಸುಳಿಯಲಿಲ್ಲ, ಚೌತಿಯ ಹಿಂದಿನ ವಾರ ಮತ್ತೆ ಹೋದ. ಮಂಗಳವಾರದ ತನಕ ಕಾಯದೆ ಭಾನುವಾರ ಮಧ್ಯಾಹ್ನವೇ ಫೋನ್ ಮಾಡಿದ. 'ಡಾಕ್ಟ್ರೇ, ನಿನ್ನೆ ಮತ್ತೆ ತಗೊಂಡುಬಿಟ್ಟೆ. ಊಟ ಆಯ್ತು. ಫ್ರೆಂಡ್ ಜೊತೆಗಿದ್ದಾನೆ. ಇನ್ನು ಮಲಗ್ತೀನಿ.' ಅಷ್ಟನ್ನೂ ಕನ್ನಡದಲ್ಲೇ ಹೇಳಿದ.