ಮಾರ್ಗನ್ ಡಾಲರಿಗೆ ನೀರಿನ ಒರೆಗಲ್ಲು

ಬೆಳ್ಳಿಯನ್ನು ಒರೆಗೆ ಹಚ್ಚಿ ನೋಡುವುದು ಅಕ್ಕಸಾಲಿಗರ ಹಳೆಯ ಕ್ರಮ; ಆದರೆ ಸಂಗ್ರಹಯೋಗ್ಯ ನಾಣ್ಯವನ್ನು ಹಾಗೆ ಉಜ್ಜಿದರೆ, ಲೋಹ ಅಸಲಿಯೆಂದು ಗೊತ್ತಾಗುವಷ್ಟರಲ್ಲಿ ನಾಣ್ಯದ ಬೆಲೆಯೇ ಕುಸಿದಿರುತ್ತದೆ. ಗೀರು ಬೀಳದಂತೆ ಪರೀಕ್ಷಿಸಲು ಒಂದು ಲೋಟ ನೀರು ಸಾಕು.

1878ರಿಂದ 1904ರವರೆಗೆ ಮತ್ತು ಪುನಃ 1921ರಲ್ಲಿ ಅಮೆರಿಕದ ಟಂಕಸಾಲೆಗಳು ಅಚ್ಚುಹಾಕಿದ ಬೆಳ್ಳಿ ಡಾಲರಿಗೆ ಅದರ ವಿನ್ಯಾಸಕಾರ ಜಾರ್ಜ್ ಮಾರ್ಗನ್‌ನ ಹೆಸರೇ ಅಂಟಿಕೊಂಡಿದೆ. ಅದರ ತೂಕ 26.73 ಗ್ರಾಂ, ವ್ಯಾಸ 38.1 ಮಿ.ಮೀ.; ಶೇ. 90 ಬೆಳ್ಳಿ, ಉಳಿದದ್ದು ತಾಮ್ರ. ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ದಾರಕ್ಕೆ ಕಟ್ಟಿದ ನಾಣ್ಯವನ್ನು ತಳ ಮುಟ್ಟದಂತೆ ಪೂರ್ತಿ ಮುಳುಗಿಸಿದರೆ, ಅದು ಸರಿಸಿದ ನೀರಿನ ತೂಕ ಪರದೆಯ ಮೇಲೆ ಮೂಡುತ್ತದೆ. ಅಸಲಿಯಾದರೆ ಸುಮಾರು 2.6 ಗ್ರಾಂ, ಅಷ್ಟೇ ತೂಕದ ತಾಮ್ರ-ನಿಕಲ್ ಬಿಲ್ಲೆಯಾದರೆ 3 ಗ್ರಾಂ. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆಗಳು ಲೆಕ್ಕವನ್ನು ಕೆಡಿಸುವುದರಿಂದ ನೀರಿಗೆ ಒಂದು ಹನಿ ಸೋಪು ಬೆರೆಸುವುದು ಒಳ್ಳೆಯದು. ಅಯಸ್ಕಾಂತವನ್ನು ನಾನು ಅಷ್ಟಾಗಿ ನಂಬುವುದಿಲ್ಲ: ಅದು ಕಬ್ಬಿಣದ ನಕಲಿಯನ್ನು ಹಿಡಿದೀತು, ಹಿತ್ತಾಳೆಯದನ್ನಲ್ಲ.

ಆದರೆ ನೀರು ಹೇಳುವುದು ಲೋಹದ ಸುದ್ದಿಯನ್ನಷ್ಟೇ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇವಲ 1,00,000 ಮಾರ್ಗನ್ ಡಾಲರುಗಳು ತಯಾರಾದವು. ಹೀಗಾಗಿ ಅದೇ ವರ್ಷದ ಫಿಲಡೆಲ್ಫಿಯಾ ನಾಣ್ಯದ ಹಿಂಬದಿಗೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತಾದ ಪುಟ್ಟದೊಂದು ‘ಎಸ್’ ಅಕ್ಷರ ಬೆಸೆದು ಮಾರುವವರಿದ್ದಾರೆ. ಅಲ್ಲಿ ಬೆಳ್ಳಿಯೂ ನಿಜ, ತೂಕವೂ ನಿಜ, ಸುಳ್ಳು ಆ ಒಂದಕ್ಷರ ಮಾತ್ರ. ಇದಕ್ಕೆ ಭೂತಗನ್ನಡಿಯೇ ಬೇಕು. ಆ ವರ್ಷದ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯಗಳ ಮುಂಬದಿಗೆಲ್ಲ ಒಂದೇ ಅಚ್ಚು ಬಳಕೆಯಾದದ್ದರಿಂದ, ಅಚ್ಚಿನಲ್ಲಿದ್ದ ಗೀರೊಂದು ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ತಲೆಯ ಮೇಲೆ ಓರೆಯಾದ ಸಣ್ಣ ಉಬ್ಬುಗೆರೆಯಾಗಿ ಉಳಿದಿದೆ. ‘ಎಸ್’ ಬೆಸೆಯುವವನಿಗೆ ಮುಂಬದಿಯ ಈ ಗೆರೆಯ ನೆನಪಿರುವುದು ಕಡಿಮೆ.

ಹಳೆಯ ನೋಟುಗಳ ಕಥೆಯೂ ಹೀಗೆಯೇ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಒಕ್ಕೂಟ ಹೊರಡಿಸಿದ ನೋಟೆಂದು ಯಾರಾದರೂ ತೋರಿಸಿದ ಕಾಗದ ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆದರೆ, ಅದು ನಂತರದ ನಕಲು. ಹಾಗೆ ಹೊಳೆಯಿಸುವ ಬಿಳುಪುಕಾರಕಗಳು ಕಾಗದಕ್ಕೆ ಸೇರಿದ್ದು ಇಪ್ಪತ್ತನೇ ಶತಮಾನದಲ್ಲಿ. ಆದರೆ ಫಿಲಡೆಲ್ಫಿಯಾದ ವ್ಯಾಪಾರಿ ಸ್ಯಾಮ್ಯುಯೆಲ್ ಅಪ್‌ಹ್ಯಾಮ್ 1862ರಲ್ಲೇ ಆ ನೋಟುಗಳ ಪ್ರತಿಗಳನ್ನು ಅಚ್ಚುಹಾಕಿಸಿ ಮಾರುತ್ತಿದ್ದನು, ಮತ್ತು ಅವನ ಕಾಗದವೂ ಅದೇ ಕಾಲದ್ದಾದ್ದರಿಂದ ದೀಪಕ್ಕೆ ಸಿಕ್ಕಿಬೀಳುವುದಿಲ್ಲ. ಅವು ಪ್ರತಿಗಳೆಂಬ ಮಾತನ್ನು ಅವನೇ ತನ್ನ ಹೆಸರಿನ ಜೊತೆ ಅಡಿಯ ಅಂಚಿನಲ್ಲಿ ಮುದ್ರಿಸಿದ್ದನು. ಕೊಂಡವರು ಆ ಅಂಚನ್ನು ಕತ್ತರಿಸಿ ದಕ್ಷಿಣದಲ್ಲಿ ಚಲಾಯಿಸಿದರು. ಅಂಚು ಉಳಿದಿರುವ ಅಪ್‌ಹ್ಯಾಮ್ ನೋಟು ಇಂದು ಸಿಕ್ಕರೆ, ನಕಲಿಯೆಂದು ಗೊತ್ತಿದ್ದೇ ಸಂಗ್ರಹಕಾರರು ಹಣ ಕೊಟ್ಟು ಕೊಳ್ಳುತ್ತಾರೆ.