ಪದ ಪರಿಚಯ: ಕ್ಲೌಡ್‌ನಲ್ಲಿ ‘ಥ್ರೆಟ್ ಡಿಟೆಕ್ಷನ್’

ಬೇಲಿ ಬೇರೆ, ಕಾವಲು ಬೇರೆ ಎಂದು ಸಕಲೇಶಪುರ ಕಡೆಯ ತೋಟದವರಿಗೆ ಹೇಳಿಕೊಡಬೇಕಿಲ್ಲ. ಸೋಲಾರ್ ಬೇಲಿ ಇರುವುದು ಆನೆಯನ್ನು ತಡೆಯಲು. ಬೇಲಿ ದಾಟಿ ಬಂದ ಆನೆ ಈಗ ಯಾರ ತೋಟದಲ್ಲಿದೆ ಎಂದು ತಿಳಿಸುವ ಮೊಬೈಲ್ ಸಂದೇಶದ ಕೆಲಸವೇ ಬೇರೆ. ಪಾಸ್‌ವರ್ಡ್, ಫೈರ್‌ವಾಲ್ ಬೇಲಿಯಾದರೆ, ಥ್ರೆಟ್ ಡಿಟೆಕ್ಷನ್ ಎಂದರೆ ಆ ಸಂದೇಶ: ಒಳಗೆ ಬಂದವರ ಪತ್ತೆ.

ಹೋಲಿಕೆ ಇಲ್ಲಿಗೇ ಮುಗಿಯಿತು. ಆನೆ ಬೇಲಿ ಮುರಿದು ಬರುತ್ತದೆ. ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವ ಕಂಪ್ಯೂಟರ್‌ಗಳು) ಕಳ್ಳ ಹೆಚ್ಚಾಗಿ ನಿಮ್ಮದೇ ಕೀಲಿ ಹಿಡಿದು ಬರುತ್ತಾನೆ. ಮುರಿದ ಬಾಗಿಲು ಕಾಣುವುದಿಲ್ಲ. ನೋಡಬೇಕಾದ್ದು ನಡವಳಿಕೆಯನ್ನು.

ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಯ ಬಿಲ್ಲಿಂಗ್ ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ (ಅದರ ಕಂಪ್ಯೂಟರ್‌ಗಳಿರುವ ಪ್ರದೇಶ) ನಡೆಯುತ್ತಿದೆ, ಅದರ ಆಕ್ಸೆಸ್ ಕೀ (ಪ್ರೋಗ್ರಾಂಗಳು ಒಳಹೋಗಲು ಬಳಸುವ ರಹಸ್ಯ ಕೀಲಿ) ಅಪ್ಪಿತಪ್ಪಿ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬಿತ್ತು ಎಂದುಕೊಳ್ಳಿ. ಇಂಥ ಕೀಗಳನ್ನೇ ಹುಡುಕುವ ಪ್ರೋಗ್ರಾಂಗಳು ಕೆಲವೇ ನಿಮಿಷಗಳಲ್ಲಿ ಅದನ್ನು ಹೆಕ್ಕುತ್ತವೆ. ಕಳ್ಳನ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಗೆಟ್ ಕಾಲರ್ ಐಡೆಂಟಿಟಿ’, ಅಂದರೆ ಈ ಕೀಲಿ ಯಾರದು? ಆಮೇಲೆ ಬಕೆಟ್‌ಗಳ (ಫೈಲ್ ಇಡುವ ಜಾಗ), ಬಳಕೆದಾರರ ಪಟ್ಟಿ ಕೇಳುತ್ತಾನೆ. ಹಕ್ಕಿಲ್ಲದ ಕಡೆಯೆಲ್ಲ ‘ಆಕ್ಸೆಸ್ ಡಿನೈಡ್’ (ಪ್ರವೇಶವಿಲ್ಲ) ಸಾಲುಗಟ್ಟುತ್ತದೆ. ಹಕ್ಕು ಸಿಕ್ಕರೆ ತನ್ನದೇ ಹೊಸ ಬಳಕೆದಾರನನ್ನು ಸೃಷ್ಟಿಸಿ, ನೀವು ಎಂದೂ ಬಳಸದ ರೀಜನ್‌ನಲ್ಲಿ ದೊಡ್ಡ ಜಿಪಿಯು ಯಂತ್ರಗಳನ್ನು ಕ್ರಿಪ್ಟೋ ಮೈನಿಂಗ್‌ಗೆ (ಕಂಪ್ಯೂಟರ್ ಲೆಕ್ಕದಿಂದ ಡಿಜಿಟಲ್ ಹಣ ಗಳಿಸುವ ಕೆಲಸ) ಹಚ್ಚುತ್ತಾನೆ. ಬಿಲ್ಲು ಮಾತ್ರ ನಿಮ್ಮ ಹೆಸರಿಗೆ.

ಯಾರು, ಯಾವಾಗ, ಯಾವ ಐಪಿಯಿಂದ (ಇಂಟರ್ನೆಟ್ ವಿಳಾಸ), ಏನು ಕೇಳಿದರು ಎಂಬುದು ಅಮೆಜಾನ್‌ನ ದಾಖಲೆ ಸೇವೆ ಕ್ಲೌಡ್‌ಟ್ರೇಲ್‌ನಲ್ಲಿ ದಾಖಲಾಗುತ್ತದೆ. ಆದರೆ ತಾನಾಗಿ ಉಳಿಯುವುದು 90 ದಿನದ್ದು ಮಾತ್ರ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕೇಳುವುದು 180 ದಿನದ ಲಾಗ್ (ಇಂಥ ದಾಖಲೆ). ಜೊತೆಗೆ ಪಟ್ಟಿ ಮಾಡಿದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಹಾಗಾಗಿ ಎಲ್ಲ ರೀಜನ್‌ಗಳಿಗೂ ಸೇರಿ ಒಂದು ಟ್ರೇಲ್ (ಲಾಗನ್ನು ಕಾಯಂ ಉಳಿಸುವ ವ್ಯವಸ್ಥೆ) ಮಾಡಿ, ಲಾಗನ್ನು ಬೇರೊಂದು ಅಕೌಂಟ್‌ನಲ್ಲಿ ಇಡಿ. ಅಲ್ಲೇ ಇಟ್ಟರೆ ಕಳ್ಳ ಅದನ್ನೂ ಅಳಿಸಿಯಾನು. ಅಮೆಜಾನ್‌ನ ಫೈಲ್ ಸಂಗ್ರಹ ಸೇವೆಯಾದ ಎಸ್3 ಬಕೆಟ್‌ನ ಫೈಲನ್ನು ಯಾರು ಇಳಿಸಿಕೊಂಡರು ಎಂಬುದು ‘ಡೇಟಾ ಇವೆಂಟ್’. ದುಡ್ಡು ಕೊಟ್ಟು ಆನ್ ಮಾಡದಿದ್ದರೆ ಟ್ರೇಲ್‌ನಲ್ಲಿ ಬರುವುದೇ ಇಲ್ಲ. ಲಾಗ್ ಓದಿ ಎಚ್ಚರಿಸುವ ಗಾರ್ಡ್‌ಡ್ಯೂಟಿ ಎಂಬ ಅಮೆಜಾನ್ ಸೇವೆಯನ್ನೂ ರೀಜನ್‌ವಾರು ಆನ್ ಮಾಡಬೇಕು. ಮುಂಬೈನಲ್ಲಿ ಮಾತ್ರ ಕಾವಲಿಟ್ಟರೆ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ನಡೆಯುವ ಮೈನಿಂಗ್ ಅದಕ್ಕೆ ಕಾಣದು.

ಸುಳ್ಳು ಎಚ್ಚರಿಕೆಗಳ ಕಾಟವೂ ಇದೆ. ಕಾಫಿ ಕೊಯ್ಲಿನ ಡಿಸೆಂಬರ್–ಫೆಬ್ರುವರಿಯಲ್ಲಿ ಬಿಲ್ಲಿಂಗ್ ಏಕಾಏಕಿ ಏರುತ್ತದೆ. ಮಳೆಗಾಲದ ಲೆಕ್ಕದಲ್ಲಿ ಮಿತಿ ಇಟ್ಟಿದ್ದರೆ ದಿನವಿಡೀ ಗಂಟೆ ಬಾರಿಸುತ್ತದೆ. ಮೊಬೈಲ್ ನೆಟ್‌ನ ಐಪಿಯೂ ಹಾಗೆಯೇ: ಹಾಸನದಲ್ಲಿ ಕೂತವರನ್ನು ಚೆನ್ನೈನವರೆಂದು ತೋರಿಸಬಹುದು. ಊರು ಬದಲಾದದ್ದೊಂದನ್ನೇ ನೋಡಿ ಕಳ್ಳ ಎನ್ನಬೇಡಿ. ಹೊಸ ಊರು, ಹೊಸ ರೀಜನ್, ಹೊಸ ಬಳಕೆದಾರ ಮೂರೂ ಒಟ್ಟಿಗೆ ಬಂದರೆ ತಡಮಾಡಬೇಡಿ.

ಆಗ ಮೊದಲು ಕೀಲಿಯನ್ನು ನಿಷ್ಕ್ರಿಯಗೊಳಿಸಿ. ಅಷ್ಟಕ್ಕೇ ಕಳ್ಳ ಹೊರಹೋದ ಎಂದುಕೊಳ್ಳುವುದೇ ಹೆಚ್ಚಿನವರು ಮಾಡುವ ತಪ್ಪು. ಆ ಕೀಲಿಯಿಂದ ಪಡೆದ ತಾತ್ಕಾಲಿಕ ಟೋಕನ್ (ಅಲ್ಪಾವಧಿಯ ಪ್ರವೇಶ ಪತ್ರ) ತನ್ನ ಅವಧಿ ಮುಗಿಯುವವರೆಗೂ ನಡೆಯುತ್ತದೆ, ಆದ್ದರಿಂದ ಆ ಬಳಕೆದಾರನಿಗೆ ಎಲ್ಲವನ್ನೂ ನಿರಾಕರಿಸುವ ಪಾಲಿಸಿ (ಅನುಮತಿಯ ನಿಯಮ) ಹಾಕಿ. ನಂತರ ಕಳ್ಳ ಸೃಷ್ಟಿಸಿದ ಬಳಕೆದಾರರನ್ನು ಹುಡುಕಿ, ಯಂತ್ರಗಳನ್ನು ಒಂದೊಂದೇ ರೀಜನ್‌ಗೆ ಹೋಗಿ ಹುಡುಕಿ.