ತಾಯ್ನಾಡನ್ನು ಸೋಲಿಸಿದ ಕೋಚ್, ತಾಯ್ನಾಡಿಗೆ ಚಿನ್ನ ತಂದ ಕೋಚ್

ಪ್ರಶ್ನೆ: ವಾಲಿಬಾಲ್‌ನಲ್ಲಿ ಚೀನಾಕ್ಕೆ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟ ಲಾಂಗ್ ಪಿಂಗ್ ಮುಂದೆ ಅಮೆರಿಕದ ಕೋಚ್ ಆಗಿ ಚೀನಾವನ್ನೇ ಸೋಲಿಸಿದರು ಎಂದು ಓದಿದೆ. ಇದಕ್ಕೆ ನಿಯಮ ಒಪ್ಪುತ್ತದೆಯೇ? ಅಷ್ಟಾದ ಮೇಲೂ ಚೀನಾ ಅವರನ್ನು ಮತ್ತೆ ಕರೆದದ್ದು ಏಕೆ?

ಉತ್ತರ: ನಿಯಮ ಒಪ್ಪುತ್ತದೆ. ರಾಷ್ಟ್ರೀಯ ತಂಡದಲ್ಲಿ ಆಡುವವರಿಗೆ ಆ ದೇಶದ ಪೌರತ್ವ ಬೇಕು, ಕೋಚ್‌ಗೆ ಬೇಕಿಲ್ಲ. ದಕ್ಷಿಣ ಆಫ್ರಿಕಾದ ಗ್ಯಾರಿ ಕರ್ಸ್ಟನ್ ಭಾರತದ ಕ್ರಿಕೆಟ್ ತಂಡಕ್ಕೆ 2011ರ ವಿಶ್ವಕಪ್ ಗೆಲ್ಲಲು ಮಾರ್ಗದರ್ಶನ ನೀಡಿದ್ದೂ ಹೀಗೆಯೇ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅವರ ವೃತ್ತಿಜೀವನದ ಉದ್ದಕ್ಕೂ ಹರಡಿಕೊಂಡಿದೆ.

1960ರಲ್ಲಿ ಹುಟ್ಟಿದ ಲಾಂಗ್ ಪಿಂಗ್ ಅವರ ಸ್ಮ್ಯಾಶ್ ಎಷ್ಟು ಬಿರುಸಾಗಿತ್ತೆಂದರೆ ಜನ ಅವರನ್ನು ‘ಕಬ್ಬಿಣದ ಸುತ್ತಿಗೆ’ ಎಂದೇ ಕರೆದರು. 1981ರ ವಿಶ್ವಕಪ್, 1982ರ ವಿಶ್ವ ಚಾಂಪಿಯನ್‌ಷಿಪ್, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್, ಮೂರನ್ನೂ ಗೆದ್ದ ತಂಡ ಅವರದು. ಒಲಿಂಪಿಕ್ ಫೈನಲ್‌ನಲ್ಲಿ ಸೋತದ್ದು ಆತಿಥೇಯ ಅಮೆರಿಕ, ಅದೂ ನೇರ ಸೆಟ್‌ಗಳಲ್ಲಿ.

ನಿವೃತ್ತಿಯ ನಂತರ ಅವರು ಓದಲು ಅಮೆರಿಕಕ್ಕೆ ಹೋದರು. ದೇಶವೇ ಆರಾಧಿಸುತ್ತಿದ್ದ ಆಟಗಾರ್ತಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ತಂಡದಲ್ಲಿ ಸಹಾಯಕ ಕೋಚ್ ಆಗಿ ಅ ಆ ಇ ಈಯಿಂದ ಆರಂಭಿಸಿದರು. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಪದಕಗಳಿಗಿಂತ ಹೆಚ್ಚಾಗಿ ಈ ನಿರ್ಧಾರದಿಂದ. ತಾನು ಸ್ಮ್ಯಾಶ್ ಹೊಡೆಯುವುದು ಒಂದು ವಿದ್ಯೆ, ಇನ್ನೊಬ್ಬರಿಂದ ಹೊಡೆಸುವುದು ಬೇರೆಯೇ ವಿದ್ಯೆ.

1995ರಲ್ಲಿ ಚೀನಾ ತಂಡ ಅವರ ಕೈಗೆ ಬಂತು. 1996ರ ಅಟ್ಲಾಂಟಾದಲ್ಲಿ ಕ್ಯೂಬಾದ ಎದುರು ಫೈನಲ್ ಸೋತು ಬೆಳ್ಳಿ. 1998ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಬೆಳ್ಳಿ. ಆರೋಗ್ಯ ಕೆಟ್ಟು ಹುದ್ದೆ ಬಿಟ್ಟರು, ಬಳಿಕ ಇಟಲಿಯ ಕ್ಲಬ್‌ಗಳಲ್ಲಿ ದುಡಿದರು. 2005ರಲ್ಲಿ ಅಮೆರಿಕ ಕರೆಯಿತು. ಅಲ್ಲಿದ್ದ ಮಗಳ ಹತ್ತಿರ ಇರಬಹುದೆಂಬುದು ಅವರು ಒಪ್ಪಿಕೊಳ್ಳಲು ಒಂದು ಮುಖ್ಯ ಕಾರಣವಾಗಿತ್ತು.

ಹೀಗೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಚೀನಾದ ಪ್ರೇಕ್ಷಕರ ಮುಂದೆಯೇ ಅವರು ಅಮೆರಿಕದ ಬೆಂಚಿನ ಕಡೆ ನಿಂತರು. ಚೀನಾದ ಕೋಚ್ ಚೆನ್ ಝೊಂಗ್‌ಹೆ ಹಿಂದೆ ಇವರಿಗೇ ಸಹಾಯಕರಾಗಿದ್ದವರು. ಗುಂಪಿನ ಆ ಪಂದ್ಯ ಐದು ಸೆಟ್‌ಗೆ ಹೋಗಿ ಅಮೆರಿಕ 3–2ರಿಂದ ಗೆದ್ದಿತು. ಕೊನೆಗೆ ಅಮೆರಿಕಕ್ಕೆ ಬೆಳ್ಳಿ, ಚೀನಾಕ್ಕೆ ಕಂಚು. ದ್ರೋಹದ ಮಾತು ಕೆಲವರಿಂದ ಬಂತು, ನಿಜ. ಆದರೆ ಚೀನಾದ ದೊಡ್ಡ ಪ್ರೇಕ್ಷಕವರ್ಗ ಅವರನ್ನು ತಮ್ಮವರೆಂದೇ ನೋಡಿತು. ವೃತ್ತಿಯನ್ನು ವೃತ್ತಿಯಾಗಿ ಕಂಡ ಆ ಪ್ರೇಕ್ಷಕರೇ ಸರಿ ಎಂಬುದು ನನ್ನ ಅಭಿಪ್ರಾಯ.

2012ರ ಲಂಡನ್‌ನಲ್ಲಿ ಚೀನಾಕ್ಕೆ ಪದಕವೇ ಸಿಗಲಿಲ್ಲ. 2013ರಲ್ಲಿ ಮತ್ತೆ ಕರೆ ಬಂದಾಗ ಲಾಂಗ್ ಪಿಂಗ್ ಹೊರಗೆ ಕಲಿತದ್ದನ್ನೆಲ್ಲ ತಂದರು. ಹತ್ತು ಹನ್ನೆರಡು ಮಂದಿಯನ್ನೇ ನೆಚ್ಚಿಕೊಳ್ಳದೆ ಆಟಗಾರ್ತಿಯರ ದೊಡ್ಡ ಬಳಗವನ್ನು ಕಟ್ಟಿ, ಸರದಿಯಂತೆ ಆಡಿಸಿ, ಮೊಣಕಾಲು ಬೆನ್ನುಗಳಿಗೆ ವಿಶ್ರಾಂತಿ ಕೊಟ್ಟರು. ಫಿಸಿಯೋಥೆರಪಿಗೆ ವಿದೇಶಿ ತಜ್ಞರನ್ನು ಕರೆಸಿದರು. ಹದಿಹರೆಯದ ಝು ಟಿಂಗ್ ಹಿರಿಯರ ತಂಡಕ್ಕೆ ಬಂದದ್ದು ಆಗಲೇ.

ಈ ದೊಡ್ಡ ಬಳಗದ ಬೆಲೆ 2016ರ ರಿಯೊದಲ್ಲಿ ಕಂಡಿತು. ಗುಂಪಿನಲ್ಲಿ ನೆದರ್‌ಲೆಂಡ್ಸ್, ಸರ್ಬಿಯಾ, ಅಮೆರಿಕ ಮೂವರಿಗೂ ಸೋತ ಚೀನಾ ನಾಲ್ಕನೆಯ ಸ್ಥಾನದಿಂದ ಹೇಗೋ ಕ್ವಾರ್ಟರ್ ಫೈನಲ್ ಸೇರಿತು. ಎದುರಿಗೆ ಹಿಂದಿನ ಎರಡೂ ಒಲಿಂಪಿಕ್ಸ್ ಗೆದ್ದಿದ್ದ ಬ್ರೆಜಿಲ್, ಅದೂ ಅವರದೇ ಅಂಗಳದಲ್ಲಿ. ಮೊದಲ ಸೆಟ್ 15–25. ಲಾಂಗ್ ಪಿಂಗ್ ನಾಯಕಿ ಹುಯಿ ರುವೊಚಿ ಬದಲು ಲಿಯು ಶಿಯಾವೊಟೊಂಗ್ ಅವರನ್ನು ಇಳಿಸಿದರು, ಆಟದ ದಿಕ್ಕು ತಿರುಗಿತು, ಚೀನಾ 3–2ರಿಂದ ಗೆದ್ದಿತು. ನಂತರ ಸೆಮಿಫೈನಲ್‌ನಲ್ಲಿ ನೆದರ್‌ಲೆಂಡ್ಸ್, ಫೈನಲ್‌ನಲ್ಲಿ ಸರ್ಬಿಯಾ, ಗುಂಪಿನಲ್ಲಿ ಸೋಲಿಸಿದ್ದವರೇ 3–1ರಿಂದ ಮಣಿದರು. ಝು ಟಿಂಗ್ ಅತ್ಯುತ್ತಮ ಆಟಗಾರ್ತಿಯಾದರು. ವಾಲಿಬಾಲ್‌ನಲ್ಲಿ ಆಟಗಾರ್ತಿಯಾಗಿಯೂ ಕೋಚ್ ಆಗಿಯೂ ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗರು ಲಾಂಗ್ ಪಿಂಗ್.

2019ರ ವಿಶ್ವಕಪ್‌ನಲ್ಲಿ ಅವರ ತಂಡ ಹನ್ನೊಂದಕ್ಕೆ ಹನ್ನೊಂದೂ ಪಂದ್ಯ ಗೆದ್ದಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಚೀನಾ ಗುಂಪಿನ ಹಂತದಲ್ಲೇ ಹೊರಬಿತ್ತು, ಅವರು ಹುದ್ದೆಯಿಂದ ಇಳಿದರು. ಅಲ್ಲಿ ಚಿನ್ನ ಗೆದ್ದದ್ದು ಅಮೆರಿಕದ ಮಹಿಳೆಯರು, ಒಳಾಂಗಣ ವಾಲಿಬಾಲ್‌ನಲ್ಲಿ ಅವರ ಮೊಟ್ಟಮೊದಲ ಒಲಿಂಪಿಕ್ ಚಿನ್ನ. ಆ ತಂಡದ ಕೋಚ್ ಕಾರ್ಚ್ ಕಿರಾಲಿ, 1984ರಲ್ಲಿ ಲಾಂಗ್ ಪಿಂಗ್ ಗೆದ್ದ ಲಾಸ್ ಏಂಜಲೀಸ್‌ನಲ್ಲೇ ಅಮೆರಿಕದ ಪುರುಷರ ತಂಡದಲ್ಲಿ ಆಡಿ ಚಿನ್ನ ಗೆದ್ದಿದ್ದವರು.